ಕೊನೇ ಮಾತಿನವರ ಹೆಸರಿಗೆ

ತರಕಾರಿ ಮಂಡಿಯಲ್ಲಿ ಒಂದು ಕಟ್ಟಳೆ ಇತ್ತು. ಹರಾಜಿನ ಕಟ್ಟೆಯ ಮೇಲೆ ಒಮ್ಮೆ ಇಟ್ಟ ಮಾಲು ವಾಪಸ್ಸು ಇಳಿಯುವಂತಿಲ್ಲ. ಕೊಳ್ಳುವವರೆಲ್ಲ ಹಿಂದೆ ಸರಿದು ಆಕಾಶ ನೋಡುತ್ತ ನಿಂತರೆ, ಕೊನೆಯಲ್ಲಿ ಯಾರು ಬಾಯಿ ಬಿಟ್ಟಿದ್ದರೋ ಅವರ ಹೆಸರಿಗೇ ಅದನ್ನು ಬೀಳಿಸಿ, ಹರಾಜು ಕೂಗುವವನು ಗಂಟೆ ಹೊಡೆಯುತ್ತಿದ್ದ. ದರ ಹೇಳಿದ್ದಿರಲಿ, ಸುಮ್ಮನೆ ‘ಇದೇನು ಟೊಮೇಟೊನೋ ಗೋಲಿನೋ’ ಎಂದು ಪಕ್ಕದವನ ಹತ್ತಿರ ನಕ್ಕಿದ್ದಿರಲಿ, ಕೊನೇ ಮಾತು ಯಾರದೋ ಮಾಲು ಅವರದು. ಅದಕ್ಕೇ ಕೊಳೆತ ಮಾಲು ಕಟ್ಟೆ ಹತ್ತಿತೆಂದರೆ ಹಳಬರು ತುಟಿ ಹೊಲಿದುಕೊಂಡವರ ಹಾಗೆ ನಿಂತುಬಿಡುತ್ತಿದ್ದರು. ಸಿಕ್ಕಿಬೀಳುತ್ತಿದ್ದವರು ಹೊಸಬರು.

ಈ ಕಟ್ಟಳೆಯನ್ನು ಗಂಟೆಯಷ್ಟು ಚೆನ್ನಾಗಿ ಆಡಿಸಿದವರು ಇನ್ನೊಬ್ಬರಿರಲಿಲ್ಲ. ಗಂಟೆ ಎಂಬುದು ಅಲ್ಲಿ ಹರಾಜು ಕೂಗುತ್ತಿದ್ದ ಅವಳ ಅಪ್ಪನಿಗೆ ಮಂಡಿಯವರು ಇಟ್ಟ ಹೆಸರು. ಕಟ್ಟೆಯ ಮೇಲೆ ನಿಜವಾದ ಹಿತ್ತಾಳೆ ಗಂಟೆಯೊಂದು ತೂಗುತ್ತಿತ್ತು, ಆದರೆ ಅಪ್ಪ ಕೂಗಿದ ಮೇಲೆ ಅದನ್ನು ಹೊಡೆದರೆ ಯಾರೋ ಮುದುಕರು ಕೆಮ್ಮಿದ ಹಾಗೆ ಕೇಳಿಸುತ್ತಿತ್ತು. ಬೆಳಗಿನ ಹೊತ್ತು ಮಂಡಿಯ ಹಿಂದಿನ ಬೀದಿಯಲ್ಲಿ ಮನೆ ಮಾಡಿದವರಿಗೆ ಅಲಾರಾಂ ಬೇಕಾಗಿರಲಿಲ್ಲ. “ಈ ಎಲೆಕೋಸು ನೋಡಿ ಸ್ವಾಮೀ, ನನ್ನ ತಮ್ಮನ ತಲೆ ಇದ್ದ ಹಾಗಿದೆ. ವ್ಯತ್ಯಾಸ ಇಷ್ಟೇ, ಇದರೊಳಗೆ ಏನೋ ಇದೆ” ಎಂದು ಅಪ್ಪ ಶುರು ಮಾಡಿದರೆ ಇಡೀ ಮಂಡಿ ನಗುತ್ತಿತ್ತು. ಕಟ್ಟೆಯ ಬುಡದಲ್ಲಿ ತೂಕ ಹಾಕುತ್ತಿದ್ದ ಚಿಕ್ಕಪ್ಪನೂ ತಕ್ಕಡಿಯಿಂದ ಕಣ್ಣೆತ್ತದೆ ನಗುತ್ತಿದ್ದ. ಆ ನಗು ಒಂದು ದಿನವೂ ಹಲ್ಲು ದಾಟಿ ಒಳಕ್ಕೆ ಹೋಗಿದ್ದಿಲ್ಲ.

ಕೂಗುವವರೆಲ್ಲರ ಜೇಬಿನಲ್ಲೂ ಒಂದು ಪಟಿಕದ ಚೂರು ಇರುತ್ತಿತ್ತು. ಕ್ಷೌರದಂಗಡಿಯಲ್ಲಿ ಗಡ್ಡ ಹೆರೆದ ಮೇಲೆ ಕೆನ್ನೆಗೆ ಉಜ್ಜುತ್ತಾರಲ್ಲ, ಅದೇ ಬಿಳಿ ಕಲ್ಲು. ಕೊನೇ ದವಡೆ ಹಲ್ಲಿಗೂ ನಾಲಿಗೆಗೂ ನಡುವೆ ಅದನ್ನು ಒತ್ತಿಟ್ಟುಕೊಂಡರೆ ಗಂಟಲು ಬಿಗಿಯಾಗಿ ದನಿ ಒಡೆಯುವುದಿಲ್ಲವೆಂದು ಅವರ ನಂಬಿಕೆ. ಚಿಕ್ಕವಳಿದ್ದಾಗ ಅವಳು ಅದನ್ನು ಕಲ್ಲುಸಕ್ಕರೆ ಎಂದುಕೊಂಡು ಬಾಯಿಗೆ ಹಾಕಿಕೊಂಡಿದ್ದಳು. ನಾಲಿಗೆ ಮುದುಡಿ, ಬಾಯೆಲ್ಲ ಬತ್ತಿ, ಅಳಲೂ ಆಗದೆ ನಿಂತವಳನ್ನು ನೋಡಿ ಅಪ್ಪ, “ಸದ್ಯ, ಇವಳ ಬಾಯಿಗೂ ಒಂದು ಬೀಗ ಇದೆ ಅಂತ ಗೊತ್ತಾಯ್ತು” ಎಂದು ಎತ್ತಿಕೊಂಡಿದ್ದ. ಮಂಡಿಯಲ್ಲಿ ಯಾರೂ ಪಟಿಕವನ್ನು ಚಟವೆಂದು ಕರೆಯುತ್ತಿರಲಿಲ್ಲ. ಬಡಗಿಯ ಕಿವಿಯ ಮೇಲೆ ಪೆನ್ಸಿಲ್ಲು ಇರುವ ಹಾಗೆ ಇವರ ಬಾಯಲ್ಲಿ ಪಟಿಕ. ಇದೆ ಎಂದು ಯಾರೂ ಹೇಳುವುದೂ ಇಲ್ಲ, ಕೇಳುವುದೂ ಇಲ್ಲ.

ಅಮ್ಮ ಹೋದಾಗ ಅವಳಿನ್ನೂ ಲಂಗ ಹಾಕುವ ಹುಡುಗಿ. ಅಪ್ಪ ಅವಳನ್ನು ದನಿಯಲ್ಲೇ ಸಾಕಿದ ಎನ್ನಬೇಕು. ಬೀದಿಯ ತುದಿಯಿಂದಲೇ ಕೂಗಿ ಊಟಕ್ಕೆ ಕರೆಯುತ್ತಿದ್ದ, ಸ್ನಾನದ ಮನೆಯೊಳಗಿಂದ ಮಗ್ಗಿ ಕೇಳುತ್ತಿದ್ದ, ತಪ್ಪು ಹೇಳಿದರೆ “ಈ ಮಾಲು ಕೊಳೆತಿದೆ, ಇನ್ನೊಂದು ಸಲ” ಎನ್ನುತ್ತಿದ್ದ. ಪೇಟೆಯ ಒಳ್ಳೆಯ ಶಾಲೆಗೆ ಹಾಕಿಸಿದ. ಅಲ್ಲಿನ ಗೇಟಿನ ಹೊರಗೆ ನಿಂತು ಅವಳ ಹೆಸರು ಕೂಗಿದಾಗ ಜೊತೆಯ ಹುಡುಗಿಯರು ಕಿವಿ ಮುಚ್ಚಿಕೊಂಡು ನಗುತ್ತಿದ್ದರು. ‘ಮೆಲ್ಲಗೆ ಮಾತಾಡಪ್ಪ’ ಎಂದು ಅವಳು ಆ ಕಾಲದಲ್ಲಿ ಹೇಳಿದ್ದಕ್ಕೆ ಲೆಕ್ಕವಿಲ್ಲ. ಆಮೇಲೆ ಆ ಮಾತು ನೆನಪಾದಾಗಲೆಲ್ಲ ಅವಳು ಏಳುವ ಕೆಲಸವಿಲ್ಲದಿದ್ದರೂ ಎದ್ದು ಒಳಗೆ ಹೋಗುತ್ತಿದ್ದಳು.

ಬಸ್ ಡಿಪೋದಲ್ಲಿ ಕೆಲಸ ಮಾಡುವವನ ಜೊತೆ ಮದುವೆಯಾಯಿತು, ಹೆಣ್ಣು ಮಗುವಾಯಿತು. ಅಪ್ಪ ಅವಳ ಮನೆಗೇ ಬಂದು ನೆಲೆಸಿದ್ದ. ಮಗು ಹುಟ್ಟಿದ ಮೇಲೆ ಅವಳಿಗೆ ಗಾಬರಿಯೇ ಒಂದು ಉದ್ಯೋಗವಾಯಿತು. ಮಲಗಿದ ಮಗುವಿನ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುವುದು, ಕೆಮ್ಮಿದರೆ ಫೋನಿನಲ್ಲಿ ಕಾಯಿಲೆ ಹುಡುಕುವುದು. “ಈ ಮನೇಲಿ ಇವಳೊಬ್ಬಳು ಇದ್ರೆ ಹೊಗೆ ಎಚ್ಚರಿಕೆ ಯಂತ್ರ ಬೇಡ” ಎಂದು ಗಂಡ ಹೇಳುತ್ತಿದ್ದ. ಹಾಗಾಗಿ, ಅಪ್ಪ ಅನ್ನವನ್ನು ಒಂದೇ ಕಡೆ ಅಗಿಯುತ್ತಿದ್ದಾನೆ, ಸಾರು ಬಾಯಿಗಿಟ್ಟರೆ ಕಣ್ಣು ಮುಚ್ಚುತ್ತಾನೆ ಎಂದು ಅವಳು ಹೇಳಿದಾಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

“ಕಚ್ಕೊಂಡಿದೀನಿ ಅಷ್ಟೇ” ಎಂದ ಅಪ್ಪ.

“ತಿಂಗಳಾನುಗಟ್ಟಲೆ ಅದೇ ಜಾಗ ಕಚ್ಕೋತಾರಾ ಯಾರಾದ್ರೂ?”

“ನಾಲಿಗೆ ಉದ್ದ ಇದ್ದವರಿಗೆ ಹಲ್ಲಿಗೆ ಸಿಗತ್ತಮ್ಮ. ನಿನಗೂ ಒಂದು ದಿನ ಸಿಗತ್ತೆ.”

ಕಡೆಗೆ ಅವಳು ಮಗುವನ್ನು ಕಂಕುಳಲ್ಲಿಟ್ಟುಕೊಂಡು, ಅಪ್ಪನನ್ನು ಕೈಹಿಡಿದು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ನಾಲಿಗೆಯ ಎಡ ಅಂಚಿನಲ್ಲಿ ಹುಣ್ಣು. ಚೂರು ತೆಗೆದು ನೋಡಿದರು. ಕ್ಯಾನ್ಸರ್. ಜೀವನದಲ್ಲಿ ಮೊದಲ ಸಲ ಅವಳ ಗಾಬರಿ ನಿಜವಾಗಿತ್ತು. ಗಂಡ ಆಮೇಲೆ ಆ ಹೊಗೆ ಯಂತ್ರದ ಮಾತನ್ನು ಆಡಲಿಲ್ಲ.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಗಿಡ್ಡಕ್ಕಿದ್ದರು. ಹಣೆಯ ಮೇಲೆ ಟೋಪಿಯ ಎಲಾಸ್ಟಿಕ್ಕು ಒತ್ತಿದ ಗೆರೆ ಯಾವಾಗಲೂ ಇರುತ್ತಿತ್ತು. ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ತಲೆಯೊಂದನ್ನು ಇಟ್ಟುಕೊಂಡು, ಅದರ ನಾಲಿಗೆಯನ್ನು ಬೆರಳಲ್ಲಿ ತೋರಿಸುತ್ತ ಹೇಳಿದರು.

“ಸಾಮಾನ್ಯವಾಗಿ ಹುಣ್ಣಿನ ಸುತ್ತ ಒಂದಿಷ್ಟು ಒಳ್ಳೆ ಮಾಂಸಾನೂ ಸೇರಿಸಿ ತೆಗೀತೀವಿ. ರೋಗ ಎಲ್ಲಿಗೆ ಮುಗೀತು ಅಂತ ಕಣ್ಣಿಗೆ ಕಾಣಲ್ಲ ನೋಡಿ. ಈಗ ನಮ್ಮಲ್ಲಿ ಒಂದು ಮೈಕ್ರೋಸ್ಕೋಪ್ ಬಂದಿದೆ, ಪೆನ್ನಿನಷ್ಟು ದಪ್ಪ. ರಕ್ತಕ್ಕೆ ಒಂದು ಹಳದಿ ಬಣ್ಣ ಕೊಟ್ಟು, ಆಪರೇಷನ್ ಮಾಡ್ತಾ ಮಾಡ್ತಾನೇ ಆ ಪೆನ್ನಿನ ತುದೀನ ನಾಲಿಗೆಗೆ ಮುಟ್ಟಿಸಿದ್ರೆ, ಜೀವಕೋಶಗಳು ಆಗಿಂದಾಗಲೇ ಪರದೆ ಮೇಲೆ ಕಾಣ್ತವೆ. ಒಳ್ಳೇದು ಶುರು ಆದ ಕಡೆ ನಿಲ್ಲಿಸಬಹುದು. ಒಂದು ಎಳೆ ಉಳಿದ್ರೂ ಮಾತಿಗೆ ಒಳ್ಳೇದು.”

ಕಂಪ್ಯೂಟರಿನಲ್ಲಿ ಎರಡು ಚಿತ್ರ ತೋರಿಸಿದರು. ಬೂದು ಬಣ್ಣ. ಒಂದರಲ್ಲಿ ಕೋಶಗಳು ಸಾಲುಸಾಲಾಗಿ, ಒಂದೇ ಗಾತ್ರದಲ್ಲಿ ಕೂತಿದ್ದವು. ಇನ್ನೊಂದರಲ್ಲಿ ಚಿಕ್ಕದು ದೊಡ್ಡದು ಒಂದರ ಮೇಲೊಂದು ಬಿದ್ದಿದ್ದವು.

“ಇದು ಜೋಡಿಸಿದ ಕ್ರೇಟು. ಇದು ಲಾರಿಯಿಂದ ಬಿದ್ದ ಕ್ರೇಟು” ಎಂದ ಅಪ್ಪ.

“ಹೂಂ, ಹಾಗೇ ಅಂದ್ಕೊಳ್ಳಿ.”

“ಎರಡೂ ಅಲ್ಲದ್ದು ಕಂಡ್ರೆ?”

ಡಾಕ್ಟರಮ್ಮ ಪ್ಲಾಸ್ಟಿಕ್ಕಿನ ನಾಲಿಗೆಯನ್ನು ಅದರ ಬಾಯೊಳಗೆ ಮಡಚಿಟ್ಟರು. “ಒಮ್ಮೊಮ್ಮೆ ಕಾಣತ್ತೆ. ಚೂರು ತೆಗೆದು ಕೆಳಗೆ ಲ್ಯಾಬಿಗೂ ಕಳಿಸ್ತೀವಿ. ಅವರಿಗೂ ಹೇಳೋಕಾಗದಿದ್ರೆ ಹೊರಗೆ ಬಂದು ಮನೆಯವರನ್ನ ಕೇಳ್ತೀನಿ. ಮೊದಲು ಈ ತಾಪತ್ರಯ ಇರಲಿಲ್ಲ. ಕಾಣ್ತಾನೇ ಇರಲಿಲ್ಲವಲ್ಲ.”

ಆಮೇಲೆ ಅಭ್ಯಾಸಗಳ ವಿಚಾರಣೆ. ಸಿಗರೇಟು? ಇಲ್ಲ. ತಂಬಾಕು? ಇಲ್ಲ. ಕುಡಿತ? “ತಮ್ಮ ಕುಡೀತಾನೆ, ನಾನು ಹೊತ್ಕೊಂಡು ಬರ್ತೀನಿ.”

“ಬಾಯಲ್ಲಿ ಬೇರೆ ಏನಾದ್ರೂ ಇಟ್ಕೊಳ್ಳೋ ರೂಢಿ?”

“ಮಾತು” ಎಂದ ಅಪ್ಪ.

ಡಾಕ್ಟರಮ್ಮ ನಕ್ಕರು, ನರ್ಸು ನಕ್ಕಳು, ಅವಳೂ ನಕ್ಕಳು. ಅಪ್ಪನ ಅಂಗಿ ಜೇಬಿನಲ್ಲಿ, ಬಸ್ ಟಿಕೇಟಿನ ಜೊತೆಗೆ, ಪಟಿಕದ ಚೂರು ಇತ್ತು.

ಆಪರೇಷನ್ನಿನ ಹಿಂದಿನ ಸಂಜೆ ವಾರ್ಡಿನಲ್ಲಿ ಅಪ್ಪ ಕಡೇ ಹರಾಜು ಕೂಗಿದ. ಪಕ್ಕದ ಹಾಸಿಗೆಯವರಿಗೆ ಮುಖವೆಲ್ಲ ಬ್ಯಾಂಡೇಜು, ಆಚೆಯವರ ಗಂಟಲಲ್ಲಿ ತೂತು. ಅವರ ಮುಂದೆ ಆಸ್ಪತ್ರೆಯ ತಲೆದಿಂಬನ್ನು ಎತ್ತಿ ಹಿಡಿದು, “ನೋಡಿ ಸ್ವಾಮೀ, ಒಳಗೆ ಹತ್ತಿ ಇದೆಯೋ ಇಟ್ಟಿಗೆ ಇದೆಯೋ ಸರ್ಕಾರಕ್ಕೇ ಗೊತ್ತಿಲ್ಲ. ಇದರ ಮೇಲೆ ಮಲಗಿ ಎದ್ದವರು ಇದ್ದಾರೆ, ಏಳದವರೂ ಇದ್ದಾರೆ. ಯಾರು ಕೇಳ್ತೀರಿ?” ಎಂದ. ದನಿ ಕಾರಿಡಾರಿನ ಕೊನೆಯವರೆಗೂ ಹೋಯಿತು. ಗಂಟಲಲ್ಲಿ ತೂತಿದ್ದವರು ಕೈಯೆತ್ತಿ ಬೆರಳು ತೋರಿಸಿ ದರ ಹೇಳಿದರು. ಹೆಡ್ ನರ್ಸು ಬಂದು, “ಏನ್ರೀ ಇದು, ಆಸ್ಪತ್ರೆನಾ ಸಂತೆನಾ?” ಎಂದದ್ದೇ ತಡ, ಅಪ್ಪ ಮೇಜಿನ ಮೇಲಿನ ಲೋಟಕ್ಕೆ ಚಮಚದಿಂದ ಟಣ್ಣೆಂದು ಹೊಡೆದು, “ಕೊನೇ ಮಾತು ಸಿಸ್ಟರ್‌ದು. ದಿಂಬು ಸಿಸ್ಟರ್ ಹೆಸರಿಗೆ” ಎಂದ. ವಾರ್ಡಿನಲ್ಲಿ ನಗಲು ಬಾಯಿದ್ದವರೆಲ್ಲ ನಕ್ಕರು.

ನಗು ಇಳಿದ ಮೇಲೆ ಅವಳನ್ನು ಹತ್ತಿರ ಕರೆದ. ಬಾಯಲ್ಲಿ ಪಟಿಕ ಅತ್ತಿತ್ತ ಹೊರಳುತ್ತಿತ್ತು. ಅವಳಿಗೆ ಆ ಸಣ್ಣ ಸದ್ದು ಹುಟ್ಟಿದಾಗಿನಿಂದ ಗೊತ್ತು, ಆದ್ದರಿಂದ ಕೇಳಿಸಲೇ ಇಲ್ಲ.

“ನಾಳೆ ಡಾಕ್ಟರಮ್ಮ ಹೊರಗೆ ಬಂದು ಏನಾದ್ರೂ ಕೇಳಿದ್ರೆ ನೀನು ತುಟಿ ಬಿಚ್ಚಬೇಡ.”

“ಅದು ಹೇಗಪ್ಪ ಆಗತ್ತೆ? ಕೇಳಿದ್ರೆ ಹೇಳಬೇಡವಾ?”

“ಬೇಡ. ಸುಮ್ಮನೆ ನಿಂತ್ಕೋ. ಕೊನೇ ಮಾತು ಅವರದೇ ಆಗಲಿ. ಕಲಿತವರು, ಅವರ ಕೈ ತಾನೇ ನಿಲ್ಲಬೇಕಾದ ಕಡೆ ನಿಲ್ಲತ್ತೆ. ನೀನು ಬಾಯಿ ಬಿಟ್ಟೆ ಅಂದ್ರೆ, ನಿನ್ನ ಗಾಬರಿ ನನಗೆ ಗೊತ್ತಿಲ್ವಾ, ಪೂರ್ತಿ ತೆಗೀರಿ ಅಂತೀಯ.” ದಿಂಬನ್ನು ತಲೆಯ ಕೆಳಗೆ ಸರಿಸಿಕೊಂಡು ಮತ್ತೆ ಹೇಳಿದ. “ಕೂಗೋಕೆ ಆಗದೆ ನಾನು ಇರೋದು ಬೇಡಮ್ಮ.”

ಅವಳು ಮಗುವಿನ ಟೋಪಿ ಸರಿಮಾಡುತ್ತ ಹೂಂ ಎಂದಿದ್ದಳು.

ಆಪರೇಷನ್ ಥಿಯೇಟರಿನ ಹೊರಗೆ ಒಂದಕ್ಕೊಂದು ಕಚ್ಚಿಸಿದ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಯಾರಾದರೂ ಎದ್ದರೆ ಇಡೀ ಸಾಲು ಅಲುಗುತ್ತಿತ್ತು. ಗಂಡನಿಗೆ ಡಿಪೋದಲ್ಲಿ ರಜೆ ಸಿಕ್ಕಿರಲಿಲ್ಲ, ಮಗುವನ್ನು ಬಿಟ್ಟುಬರಲು ಜಾಗವಿರಲಿಲ್ಲ. ಚಿಕ್ಕಪ್ಪ ಬಂದಿದ್ದ. ಕಾಲ ಮೇಲೆ ಕಾಲು ಹಾಕಿಕೊಂಡು, ಯಂತ್ರದ ಚಹಾ ಕುಡಿದು, ಇದಕ್ಕಿಂತ ಬಿಸಿನೀರಿಗೆ ಮರ್ಯಾದೆ ಇದೆ ಎಂದ. ಬಾಗಿಲು ತೆರೆದಾಗಲೆಲ್ಲ ಅವಳು ಎದ್ದು ನಿಲ್ಲುತ್ತಿದ್ದಳು, ಸಾಲು ಅಲುಗುತ್ತಿತ್ತು, ಪಕ್ಕದವರು ಹಲ್ಲು ಕಡಿಯುತ್ತಿದ್ದರು.

ಡಾಕ್ಟರಮ್ಮ ಬಂದದ್ದು ಹಾಗೆ ಎದ್ದ ಒಂದು ಸಲ. ಮಾಸ್ಕು ಗಲ್ಲಕ್ಕೆ ಇಳಿಸಿದ್ದರು.

“ಮುಂದಿನ ಭಾಗ ಚೆನ್ನಾಗಾಯ್ತು. ನಾವು ಅಂದ್ಕೊಂಡಿದ್ದಕ್ಕಿಂತ ಕಮ್ಮೀಲಿ ನಿಲ್ಲಿಸಿದ್ವಿ, ತುದಿ ಉಳೀತು. ಆದರೆ ಹಿಂದುಗಡೆ, ಕೊನೇ ದವಡೆ ಹಲ್ಲಿನ ಪಕ್ಕ, ಚಿತ್ರ ಸರಿಯಾಗಿ ಬರ್ತಿಲ್ಲ. ಬಣ್ಣ ಸೋರಿ ಹರಡಿದೆ, ಕೋಶಗಳು ಅಡ್ಡಾದಿಡ್ಡಿ. ಲ್ಯಾಬಿನವರೂ ಈಗಲೇ ಹೇಳೋಕಾಗಲ್ಲ ಅಂತಾರೆ. ರೋಗ ಇರಬಹುದು, ಬರೀ ಊತ ಇರಬಹುದು. ಆ ಜಾಗದಲ್ಲಿ ಅವರು ಏನಾದ್ರೂ ಇಟ್ಕೊಳ್ತಿದ್ರಾ? ತಂಬಾಕು, ಇನ್ನೇನಾದ್ರೂ?”

“ಇಲ್ಲ” ಎಂದಳು. ಕುತ್ತಿಗೆ ನೆಟ್ಟಗಾಯಿತು. “ನಮ್ಮಪ್ಪಂಗೆ ಯಾವ ಚಟಾನೂ ಇಲ್ಲ.”

“ಹಾಗಾದ್ರೆ ನನಗೆ ಅನುಮಾನ ಜಾಸ್ತಿ ಆಗತ್ತೆ. ಅದನ್ನೂ ತೆಗೆದ್ರೆ ನಾಲಿಗೆಯ ಬುಡ ಹೋಗತ್ತೆ. ಮುಂಗೈಯಿಂದ ಮಾಂಸ ತಂದು ಹೊಲೀತೀವಿ, ನುಂಗೋದು ಕಲೀತಾರೆ, ಮಾತು ಮಾತ್ರ ಮೊದಲಿನ ಹಾಗೆ ಬರಲ್ಲ. ಬಿಟ್ರೆ ಮಾತು ಉಳಿಯತ್ತೆ. ಅಲ್ಲಿ ರೋಗ ಇದ್ರೆ ಅದೂ ಉಳಿಯತ್ತೆ. ಏನು ಮಾಡಲಿ?”

ಅವಳು ತುಟಿ ಬಿಗಿಹಿಡಿದು ನಿಂತಳು. ಅಪ್ಪ ಹೇಳಿದ್ದ ಹಾಗೇ. ಚಿಕ್ಕಪ್ಪನ ಕಡೆ ನೋಡಿದಳು. ಅವನು ಕಿಟಕಿಯ ಹತ್ತಿರ ಹೋಗಿ, ಕೈ ಹಿಂದೆ ಕಟ್ಟಿಕೊಂಡು, ಆಕಾಶ ನೋಡುತ್ತಿದ್ದ. ಮಂಡಿಯಲ್ಲಿ ಪಳಗಿದ ಬೆನ್ನು.

“ನೀವು ಏನಾದ್ರೂ ಹೇಳಬೇಕಮ್ಮ. ಅವರನ್ನ ಒಳಗೆ ಹಾಗೇ ಮಲಗಿಸಿ ಇಡೋಕಾಗಲ್ಲ.”

“ನೀವೇ ಹೇಳಿ ಡಾಕ್ಟರ್. ನಿಮ್ಮಪ್ಪ ಆಗಿದ್ರೆ?”

“ನನ್ನಪ್ಪ ಅಲ್ಲವಲ್ಲ” ಎಂದರು ಡಾಕ್ಟರಮ್ಮ, ಕೋಪವಿಲ್ಲದೆ.

ಮಗು ಅವಳ ಕಿವಿಯ ಓಲೆ ಹಿಡಿದು ಎಳೆಯಿತು. ನೋವಿಗೋ ಏನೋ ಅವಳ ಬಾಯಿ ಬಿಟ್ಟುಕೊಂಡಿತು. “ತೆಗೀರಿ. ಜೀವ ಉಳಿದ್ರೆ ಸಾಕು.”

ಬಾಗಿಲು ಮುಚ್ಚಿತು. ಚಿಕ್ಕಪ್ಪ ಕಿಟಕಿ ಬಿಟ್ಟು ಬಂದು ಕುರ್ಚಿಯಲ್ಲಿ ಕೂತ. ಸಾಲೆಲ್ಲ ಅಲುಗಿತು.

ಎಚ್ಚರವಾದಾಗ ಅಪ್ಪನ ಮುಖ ಹಳದಿಯಾಗಿತ್ತು. ಕಾಮಾಲೆ ಎಂದು ಅವಳು ಓಡಿಹೋಗಿ ನರ್ಸನ್ನು ಎಳೆದುಕೊಂಡು ಬಂದಳು. “ಆ ಮೈಕ್ರೋಸ್ಕೋಪಿನ ಬಣ್ಣ ರೀ. ಇಳಿದುಹೋಗತ್ತೆ” ಎಂದಳು ನರ್ಸು. ಬಣ್ಣ ಇಳಿಯಿತು. ಬಾಯಿ ಊದಿ, ಮೂಗಿನಲ್ಲಿ ನಳಿಕೆ ಇಟ್ಟುಕೊಂಡು ಅಪ್ಪ ಕಾಗದ ಕೇಳಿದ. ಮೊದಲು ಬರೆದದ್ದು, ಎಷ್ಟು. ಅವಳು ಹೆಬ್ಬೆರಳು ತೋರುಬೆರಳಲ್ಲಿ ಅಂದಾಜು ತೋರಿಸಲು ಹೋಗಿ, ಅರ್ಧಕ್ಕೇ ಕೈ ಇಳಿಸಿದಳು. ಎರಡನೆಯದಾಗಿ ಬರೆದದ್ದು, ಯಾರು ಹೇಳಿದ್ದು.

“ಇವಳೇ ಅಣ್ಣ” ಎಂದ ಚಿಕ್ಕಪ್ಪ. “ನಾನಂತೂ ಬಾಯಿ ಬಿಡಲಿಲ್ಲ.”

ಅಪ್ಪ ಪೆನ್ನಿನ ಮುಚ್ಚಳ ಹಾಕಿದ.

ಲ್ಯಾಬಿನ ಪೂರ್ತಿ ಫಲಿತಾಂಶ ಬಂದದ್ದು ಆಮೇಲೆ. ಹುಣ್ಣೆಲ್ಲ ಸುತ್ತಲೂ ಚೊಕ್ಕವಾಗಿ ಹೊರಬಂದಿತ್ತು. ಹಿಂದುಗಡೆ ಹೆಚ್ಚಿಗೆ ತೆಗೆದ ಭಾಗದಲ್ಲಿ ಕ್ಯಾನ್ಸರ್ ಇರಲಿಲ್ಲ. ಬೇರೆ ಯಾರಾದರೂ ಕೇಳಿದ್ದರೆ ಸಿಹಿಸುದ್ದಿ. ಚಿಕ್ಕಪ್ಪ ಮಂಡಿಯಲ್ಲಿ ಅದನ್ನು ತನ್ನದೇ ತಕ್ಕಡಿಯಲ್ಲಿ ತೂಗಿದ. “ಚೆನ್ನಾಗಿದ್ದ ನಾಲಿಗೆ. ಡಾಕ್ಟರು ಬಿಡ್ತೀನಿ ಅಂದ್ರು, ಮಗಳು ಕೊಯ್ಯಿ ಅಂದಳು.” ಅಣ್ಣನ ಜಾಗದಲ್ಲಿ ಈಗ ಅವನೇ ಕೂಗುತ್ತಿದ್ದ. ದನಿ ಹರಿದ ತಗಡಿನ ಹಾಗಿತ್ತು, ಜೋಕುಗಳೆಲ್ಲ ಅಣ್ಣನವೇ, ಎಲೆಕೋಸಿನ ಜೋಕಿನಲ್ಲಿ ಮಾತ್ರ ಬೇರೆ ಯಾರದೋ ತಲೆ.

ಅಪ್ಪನಿಗೆ ಅವರು ಗಂಟೆ ಹೊಡೆಯುವ ಕೆಲಸ ಕೊಟ್ಟರು. ಕಟ್ಟೆಯ ಅಂಚಿನಲ್ಲಿ ಸ್ಟೂಲು ಹಾಕಿಕೊಂಡು ಕೂತು, ತಮ್ಮ ಕೂಗಿ ಮುಗಿಸಿದಾಗ ಹಗ್ಗ ಎಳೆಯುವುದು. ಮಾತು ಬರುತ್ತಿರಲಿಲ್ಲವೆಂದಲ್ಲ, ಬರುತ್ತಿತ್ತು. ಪ, ಬ, ಮ ತುಟಿಯವು, ಅವಕ್ಕೆ ತೊಂದರೆಯಿಲ್ಲ. ತುದಿ ಉಳಿದಿದ್ದರಿಂದ ತ, ನ, ಲ ಕೂಡ ಹೇಗೋ ಹೊರಡುತ್ತಿದ್ದವು. ನಾಲಿಗೆಯ ಬುಡದಲ್ಲಿ ಹುಟ್ಟುವ ಕ, ಗ ಮಾತ್ರ ಹೋಗೇಬಿಟ್ಟಿದ್ದವು. ಕಾಗದ ಎನ್ನಲು ಹೋದರೆ ಬರೀ ಉಸಿರು, ಕೊನೆಯಲ್ಲಿ ಒಂದು ದ. ಮನೆಯಲ್ಲಿ ಅದೆಲ್ಲ ಅರ್ಥವಾಗುತ್ತಿದ್ದುದು ಅವಳಿಗೊಬ್ಬಳಿಗೇ. ಅಳಿಯನಿಗೆ, ಹಾಲಿನವನಿಗೆ, ಪಕ್ಕದ ಮನೆಯವರಿಗೆ ಅವಳೇ ಬಿಡಿಸಿ ಹೇಳುತ್ತಿದ್ದಳು. ಅಪ್ಪ ಅವಳ ಹತ್ತಿರ ಬೇಕಾದ್ದಷ್ಟೇ ಆಡುತ್ತಿದ್ದ. ನೀರು. ಔಷಧಿ. ಬಾಗಿಲು ಹಾಕು.

ಮಂಡಿಗೆ ತರಕಾರಿಗೆ ಹೋದರೆ ಸೊಪ್ಪಿನವಳು ಕೇಳುತ್ತಿದ್ದಳು. “ನಿಮ್ಮಪ್ಪನ ದನಿ ಇಲ್ಲದೆ ಬೆಳಗಾಗಲ್ಲ ಕಣಮ್ಮ. ನೀನೇ ಅಲ್ವಾ ಕೊಯ್ಸಿದ್ದು?” ಬೈದದ್ದಲ್ಲ, ಬದನೆಕಾಯಿ ಎಷ್ಟು ಬೇಕು ಎನ್ನುವ ಹಾಗೇ ಕೇಳಿದ್ದು. ಅಪ್ಪ ಮಾರುದೂರದಲ್ಲೇ ಸ್ಟೂಲಿನ ಮೇಲೆ ಕೂತಿದ್ದ. ಹಗ್ಗ ಹಿಡಿದುಕೊಂಡು, ಕೇಳಿಯೂ ಕೇಳದವನ ಹಾಗೆ. ತಲೆಯನ್ನಾದರೂ ಅಡ್ಡ ಆಡಿಸಬಹುದಿತ್ತು. ಆಡಿಸಲಿಲ್ಲ. ಮನೆಗೆ ಬಂದು ಅವಳು ಬದನೆಕಾಯಿಯನ್ನೆಲ್ಲ ಹುಳುಕು ನೋಡದೆ ಹೆಚ್ಚಿದಳು.

ಅಷ್ಟರಲ್ಲಿ ಮಗು ಮಾತು ಕಲಿಯತೊಡಗಿತು. ಕಲಿಯುವುದೆಲ್ಲ ತಾತನ ತೊಡೆಯ ಮೇಲೆ. ಒಂದು ದಿನ ತನ್ನ ಪಾದ ಹಿಡಿದುಕೊಂಡು “ಆಲು” ಎಂದಿತು. ಕಾಲು ಎನ್ನಬೇಕಿತ್ತು. ಅಪ್ಪ ಅನ್ನುವುದು ಅದೇ ಥರ. ಅವಳು ಮಗುವನ್ನು ಎತ್ತಿಕೊಂಡು ಪಕ್ಕದ ಮನೆಗೆ ಓಡಿದಳು. ಎಲ್ಲ ಮಕ್ಕಳೂ ಹಾಗೇ ಅನ್ನುತ್ತವೆ, ದೊಡ್ಡವಾದ ಮೇಲೆ ಸರಿಹೋಗುತ್ತವೆ ಎಂದು ಪಕ್ಕದ ಮನೆಯವರು ಹೇಳಿದರು. ಅದು ಅವಳಿಗೂ ಗೊತ್ತಿತ್ತು. ಆದರೂ ಅಪ್ಪ ಮಂಡಿಯಿಂದ ಬರುವ ಹೊತ್ತಿಗೆ ಮಗುವನ್ನು ಎತ್ತಿಕೊಂಡು ಒಳಕೋಣೆಗೆ ಹೋಗುವುದು, ನಿದ್ದೆ ಮಾಡಿಸಬೇಕು ಎನ್ನುವುದು ಶುರುವಾಯಿತು. ಅಪ್ಪ ಬಾಗಿಲ ಹೊರಗೆ ಸ್ವಲ್ಪ ಹೊತ್ತು ನಿಂತು ಹೋಗುವುದು ಅವಳಿಗೆ ಕೇಳಿಸುತ್ತಿತ್ತು. ನಾಲಿಗೆ ಕಸಿದವಳು ತಾನು, ಈಗ ಅದು ಮಗುವಿಗೆ ಅಂಟದಿರಲಿ ಎಂದು ಬಾಗಿಲು ಹಾಕುವವಳೂ ತಾನು. ಬಾಗಿಲ ಈಚೆ ಮಗುವಿನ ಬೆನ್ನು ತಟ್ಟುತ್ತ, ನಿದ್ದೆ ಬಾರದ ಮಗುವಿಗೆ ನಿದ್ದೆ ಮಾಡು ಎಂದು ಗದರಿ, ಆಮೇಲೆ ತಾನೇ ಅಳುತ್ತಿದ್ದಳು.

ಹೀಗಿರುವಾಗ ಒಂದು ತಪಾಸಣೆಗೆ ಹೋದದ್ದು. ಮಗು ಸಣ್ಣದೆಂದು ಹಿಂದಿನ ಸಲಗಳಲ್ಲಿ ಅವಳನ್ನು ಒಳಗೆ ಬಿಟ್ಟಿರಲಿಲ್ಲ, ಅಪ್ಪನೇ ಕಾಗದ ಪೆನ್ನು ಹಿಡಿದು ಒಬ್ಬನೇ ಹೋಗಿ ಬರುತ್ತಿದ್ದ. ಈ ಸಲ ಗಂಡ ಮನೆಯಲ್ಲಿದ್ದ, ಮಗುವನ್ನು ಅವನ ಹತ್ತಿರ ಬಿಟ್ಟು ಬಂದಿದ್ದಳು. ಡಾಕ್ಟರಮ್ಮ ಅಪ್ಪನ ಬಾಯಿ ನೋಡಿ, ಕುತ್ತಿಗೆ ಒತ್ತಿ ನೋಡಿ, ಎಲ್ಲ ಚೆನ್ನಾಗಿದೆ ಎಂದು, ತೂಕಕ್ಕೂ ನುಂಗುವ ಪರೀಕ್ಷೆಗೂ ಚೀಟಿ ಕೊಟ್ಟು ಕಳಿಸಿದರು. ಕೋಣೆಯಲ್ಲಿ ಅವಳೊಬ್ಬಳೇ ಉಳಿದಳು. ಇಷ್ಟು ದಿನ ಕಟ್ಟಿಟ್ಟದ್ದು ಬಾಯಿಗೆ ಬಂತು.

“ಆವತ್ತು ನಾನು ಸುಮ್ಮನಿದ್ದಿದ್ರೆ ನೀವು ಬಿಟ್ಟುಬಿಡ್ತಿದ್ರಾ ಡಾಕ್ಟರ್?”

ಡಾಕ್ಟರಮ್ಮ ಕೈಗವಸು ಬಿಚ್ಚುತ್ತ ಅವಳನ್ನು ನೋಡಿದರು. “ಇಲ್ಲ. ಆ ಚಿತ್ರ ನೋಡಿ ಬಿಡ್ತಿರಲಿಲ್ಲ. ಪಟಿಕದ ವಿಷಯ ಗೊತ್ತಿದ್ದಿದ್ರೆ ಬೇರೆ ಮಾತು.”

“ಪಟಿಕ?”

“ಅದೇ, ಆ ಕಲ್ಲು. ಫಲಿತಾಂಶದಲ್ಲಿ ಹಳೇ ಸುಟ್ಟ ಗಾಯ ಅಂತ ಬಂದಾಗಲೇ ನಿಮ್ಮ ತಂದೇನ ಕೇಳಿದೆ. ವರ್ಷಗಟ್ಟಲೆ ಅದೇ ಜಾಗದಲ್ಲಿ ಇಡ್ತಿದ್ದೆ, ಹಿಂದಿನ ದಿನಾನೂ ಇಟ್ಟಿದ್ದೆ ಅಂತ ಬರೆದು ತೋರಿಸಿದ್ರು. ಅದರಿಂದ ಊದಿದ ಜಾಗ ನಮ್ಮ ಪರದೆ ಮೇಲೆ ರೋಗದ ಹಾಗೇ ಕಂಡಿದ್ದು. ಆಪರೇಷನ್ನಿಗೆ ಮುಂಚೆ ಹೇಳಿದ್ರೆ ಅದನ್ನ ಬಿಡಿಸಿ, ಜಾಗ ಮಾಯೋವರೆಗೆ ಕಾದು ಮಾಡಬಹುದಿತ್ತು. ಯಾಕೆ, ಮನೇಲಿ ಹೇಳಿಲ್ವಾ?”

ಪ್ಲಾಸ್ಟಿಕ್ಕಿನ ತಲೆ ಮೇಜಿನ ಮೇಲೆ ಬಾಯಿ ತೆರೆದುಕೊಂಡು ಕೂತಿತ್ತು. ಅವಳು ಅದನ್ನೇ ನೋಡುತ್ತ, “ಹೇಳಿದಾರೆ, ನನಗೇ ಮರೆತಿತ್ತು” ಎಂದಳು. ಯಾಕೆ ಹಾಗೆ ಹೇಳಿದಳೋ. ಹೊರಗೆ ಮರ್ಯಾದೆ ಉಳಿಸುವ ಚಾಳಿ ಅಷ್ಟು ಬೇಗ ಹೋಗುವುದಿಲ್ಲ.

ಚಟವಿಲ್ಲ ಎಂದು ಕುತ್ತಿಗೆ ನೆಟ್ಟಗೆ ಮಾಡಿ ಹೇಳಿದವಳು ತಾನೇ. ಅದೂ ನೆನಪಾಯಿತು. ಆದರೆ ಅದು ಆ ಗಳಿಗೆಯ ತಪ್ಪು. ಅಪ್ಪ ಬಚ್ಚಿಟ್ಟದ್ದು ದಿನಾ ಬೆಳಗ್ಗೆ ಎದ್ದು ಮಾಡಿದ್ದು. ಸೊಪ್ಪಿನವಳು ಕೇಳಿದಾಗ ಅವನಿಗೆ ಗೊತ್ತಿತ್ತು. ಬಾಗಿಲ ಹೊರಗೆ ನಿಂತಾಗ ಗೊತ್ತಿತ್ತು. ಅವಳು ಸಾರನ್ನು ಸೋಸಿ, ಆರಿಸಿ, ಚಮಚದಲ್ಲಿ ಕೊಡುವಾಗ ಮುಖ ತಿರುಗಿಸಿದ್ದನಲ್ಲ, ಆಗಲೂ.

ಕಾರಿಡಾರಿನ ಬೆಂಚಿನಲ್ಲಿ ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಕೂತಿದ್ದ. ಎದುರಿಗೆ ನುಂಗುವ ಪರೀಕ್ಷೆಯ ಕೋಣೆ, ಅದರ ಮುಂದೆ ಸಾಲು. ಅವಳು ಪಕ್ಕದಲ್ಲಿ ಕೂತಳು. ದನಿ ಎತ್ತಲಿಲ್ಲ.

“ಪಟಿಕ ಅಂತ ನಿನಗೆ ಗೊತ್ತಿತ್ತು.”

ಅಪ್ಪನ ಬೆರಳು ಗುಂಡಿಯ ಮೇಲೆ ನಿಂತಿತು.

“ಮೊದಲ ತಪಾಸಣೆಯಿಂದ ಗೊತ್ತಿತ್ತು. ಚಿಕ್ಕಪ್ಪ ಊರೆಲ್ಲ ಸಾರಿಕೊಂಡು ಬಂದ. ಮಂಡಿಯೋರೆಲ್ಲ ನನ್ನ ಮುಖಕ್ಕೆ ಹೇಳಿದ್ರು. ನೀನು ಅಲ್ಲೇ ಕೂತಿದ್ದೆ. ಒಂದು ಸಲ ತಲೆ ಆಡಿಸೋಕೆ ನಾಲಿಗೆ ಬೇಕಿತ್ತಾ ಅಪ್ಪ?”

ಅಪ್ಪ ಅವಳ ಕಡೆ ತಿರುಗಲಿಲ್ಲ. ಎದುರು ಗೋಡೆಯನ್ನು ನೋಡುತ್ತ, ಸಿಕ್ಕ ಅಕ್ಷರಗಳನ್ನು ಒಂದೊಂದಾಗಿ ಎತ್ತಿಟ್ಟ.

“ಮಾಲು ವಾಪಸ್ಸು ಇಳಿಯಲ್ಲಲ್ಲಮ್ಮ. ಯಾರ ಹೆಸರಲ್ಲಾದ್ರೂ ಬಿದ್ದೇ ಬೀಳತ್ತೆ.” ಗುಂಡಿ ಹಾಕಿ ಮುಗಿಸಿದ. “ತುಟಿ ಬಿಚ್ಚಬೇಡ ಅಂದಿದ್ದೆ. ಒನೇ ಮಾತು ನಿಂದು.”

ಕೊನೇ ಎಂಬುದರ ಕ ಇರಲಿಲ್ಲ. ಅದನ್ನು ತುಂಬಿಕೊಂಡು ಕೇಳಿಸಿಕೊಳ್ಳುವುದು ಅವಳಿಗೆ ಎಷ್ಟು ರೂಢಿಯಾಗಿತ್ತೆಂದರೆ, ಅಲ್ಲಿ ಏನೋ ಇಲ್ಲವೆಂಬುದೇ ತಿಳಿಯುತ್ತಿರಲಿಲ್ಲ. ಇವತ್ತು ತಿಳಿಯಿತು.

ಪರೀಕ್ಷೆಯ ಕೋಣೆಯ ಬಾಗಿಲು ತೆರೆದು ನರ್ಸೊಬ್ಬಳು ಇಣುಕಿದಳು. ಹೊಸಬಳು, ಇವರನ್ನು ಕಂಡಿರಲಿಲ್ಲ. ಚೀಟಿ ನೋಡಿ ಅಪ್ಪನನ್ನು ಕರೆದು, “ಜೊತೆಗೆ ಯಾರು ಬಂದಿದಾರೆ? ಒಬ್ಬರು ಒಳಗೆ ಇರಬೇಕು” ಎಂದಳು.

ಅವಳು ಸುಮ್ಮನೆ ಕೂತಳು. ತಲೆಯೆತ್ತಿ ಎದುರಿನ ಗೋಡೆಯ ಮೇಲಿನ ಟ್ಯೂಬ್‌ಲೈಟು ನೋಡಿದಳು.

“ಯಾರೂ ಬಂದಿಲ್ವಾ?”

ಅಪ್ಪ ಎದ್ದು ನಿಂತು, ಅವಳ ಕಡೆ ಕೈ ಮಾಡಿ, “ಮಅಳು” ಎಂದ.

“ಏನಂದ್ರಿ?”

“ಮಅಳು.” ಈ ಸಲ ಜೋರಾಗಿ. ಮಂಡಿಯ ಆ ಹಳೆಯ ದನಿಯ ಒಂದು ತುಂಡು ಅದರಲ್ಲಿತ್ತು. ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಅಪ್ಪನ ಕುತ್ತಿಗೆಯ ನರ ಉಬ್ಬಿತು. ಗ ಎನ್ನುವುದಕ್ಕೆ ಒಳಗೆಲ್ಲೋ ಪ್ರಯತ್ನ ನಡೆದದ್ದು ಅವಳಿಗೆ ಗೊತ್ತಾಯಿತು. ಬರಲಿಲ್ಲ.

ನರ್ಸು ಅವಳನ್ನು ಕೇಳಿದಳು. “ಏನಂತಿದಾರೆ ಇವರು?”

“ನನಗೂ ಗೊತ್ತಾಗ್ತಿಲ್ಲ” ಎಂದಳು ಅವಳು.

ಅಪ್ಪನ ಕೈ ಚಾಚಿದ್ದು ಚಾಚಿದಂತೆಯೇ ಸ್ವಲ್ಪ ಹೊತ್ತು ಇದ್ದು, ಇಳಿಯಿತು. ಅವನು ತಲೆ ತಗ್ಗಿಸಿ ಒಳಗೆ ಹೋದ. ಬೆಂಚಿನ ಮೇಲೆ ಅವನ ಚೀಲವಿತ್ತು, ಅದರಲ್ಲಿ ಒರೆಸುವ ಬಟ್ಟೆ, ಅಗಲ ಬಾಯಿಯ ಲೋಟ, ಮಗುವಿನದೇ ಒಂದು ಚಮಚ. ಅದಿಲ್ಲದೆ ಅವನಿಗೆ ನುಂಗಲು ಬರುತ್ತಿರಲಿಲ್ಲ. ಅವಳು ಬಾಗಿಲು ಮುಚ್ಚುವವರೆಗೆ ಕಾದಳು. ಆಮೇಲೆ ಎದ್ದು, ಚೀಲ ತೆಗೆದುಕೊಂಡು, ಬಾಗಿಲು ತಟ್ಟಿದಳು.